ರೆಕ್ಕೆಗೆ ಹೊಡೆಯುವ ಗುಂಡು

ಬಿನ್ ಮಹಮೂದ್, ದೋಹಾ
24 ಸೆಪ್ಟೆಂಬರ್ 2004

ಪ್ರೀತಿಯ ದೊಡ್ಡಪ್ಪ,

ನೀವು ಹೇಳಿದಂತೆ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಕಾಪಿಬುಕ್ ಥರ ಕಾಣುತ್ತಿದೆ. ಕನ್ನಡ ಬರೆದು ತುಂಬಾ ದಿನವಾಯಿತು, ತಪ್ಪಿದ್ದರೆ ನಾನು ಬೆಳೆದ ಹಾಸ್ಟೆಲಿನ ಮೇಲೆ ಹಾಕಿಬಿಡಿ.

ಕಾಲೇಜು ಶುರುವಾಗಿದೆ. ಬಿಲ್ಡಿಂಗ್ ಎಷ್ಟು ದೊಡ್ಡದೆಂದರೆ ದಿನಾ ಯಾವುದಾದರೊಂದು ಕ್ಲಾಸಿಗೆ ನಾನು ಲೇಟ್. ಪ್ರೊಫೆಸರ್ ಪ್ರಶ್ನೆ ಕೇಳುವ ಮೊದಲೇ ಹೊಟ್ಟೆಯಲ್ಲಿ ಹಿಂಡಿದ ಹಾಗಾಗುತ್ತದೆ. ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ.

ಅಪ್ಪ ಹೇಗಿದ್ದಾನೆ ಎಂದು ಕೇಳಿದ್ದಿರಿ. ಏನು ಬರೆಯಲಿ? ಅಮ್ಮ ತೀರಿಕೊಂಡ ವರ್ಷ, ಚಿಕ್ಕವಳಿರುವಾಗಲೇ, ಹಾಸ್ಟೆಲ್ ಸೇರಿದವಳು ನಾನು. ಅಪ್ಪನ ಜೊತೆ ಒಂದೇ ಮನೆಯಲ್ಲಿ ಇರುವುದು ಈಗಲೇ. ನಾನು ಏಳುವಾಗ ಟೀ ಮಾಡಿ ಮುಚ್ಚಿಟ್ಟು ವೆಸ್ಟ್ ಬೇ ಆಫೀಸಿಗೆ ಹೋಗಿರುತ್ತಾರೆ. ಸಂಜೆ ಬಂದು ಶೂ ಬಿಚ್ಚಿ ಸೋಫಾದಲ್ಲಿ ಹಾಗೇ ಕಣ್ಣು ಮುಚ್ಚುತ್ತಾರೆ. "ಊಟ ಆಯ್ತಾ?" "ಆಯ್ತು." "ಓದಿದ್ಯಾ?" "ಓದಿದೆ." ಅಷ್ಟೇ. ಹಾಸ್ಟೆಲಿಗೆ ಕಾಗದದಲ್ಲಿ ಬರೆಯುತ್ತಿದ್ದ ಎರಡು ಮಾತನ್ನೇ ಈಗ ಎದುರು ಕೂತು ಹೇಳುತ್ತಾರೆ.

ನೀವು ಬರೆದಿದ್ದ ನಿಮ್ಮ ಕಣ್ಣಿನ ವಿಷಯ ಓದಿ ಹೇಳಿದೆ. ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದು ಮಂಗಳೂರಿನ ಡಾಕ್ಟರ್ ಅಂದದ್ದನ್ನೂ ಹೇಳಿದೆ. ಅಪ್ಪ ಎದ್ದು ಹೋಗಿ ಏಸಿ ಸ್ವಲ್ಪ ಕಡಿಮೆ ಮಾಡಿ ಬಂದರು. ಆಮೇಲೆ "ರಜೆ ಕೇಳ್ತೇನೆ" ಅಂದರು.

ಇಲ್ಲಿ ರಜೆ, ಟಿಕೆಟ್ ಇದ್ದರೆ ಸಾಲದು ದೊಡ್ಡಪ್ಪ. ಕಂಪೆನಿಯ ಧಣಿ, ಎಲ್ಲರೂ ಅರ್ಬಾಬ್ ಎನ್ನುತ್ತಾರೆ, ಅವನು ಎಕ್ಸಿಟ್ ಪರ್ಮಿಟ್‌ಗೆ ಸಹಿ ಹಾಕದೆ ದೇಶ ಬಿಟ್ಟು ಹೊರಡುವ ಹಾಗಿಲ್ಲ. ಅಪ್ಪ ಕೇಳಿದ್ದಕ್ಕೆ "ಬುಕ್ರಾ, ಇನ್ಶಾಲ್ಲಾ" ಅಂದನಂತೆ. ಬುಕ್ರಾ ಅಂದರೆ ನಾಳೆ. ಯಾವ ನಾಳೆ ಎಂದು ಕೇಳುವ ಧೈರ್ಯ ಆ ಆಫೀಸಿನಲ್ಲಿ ಯಾರಿಗೂ ಇಲ್ಲ.

ಪಕ್ಕದ ಫ್ಲ್ಯಾಟಿನ ಆಯಿಷಮ್ಮ ಊರಿಗೆ ಹೊರಟಿದ್ದಾರೆ. ಇದನ್ನು ಅವರ ಬ್ಯಾಗಿನಲ್ಲಿ ಹಾಕುತ್ತಿದ್ದೇನೆ.

ನಿಮ್ಮ
ಸಂಜು


ಗುತ್ತಿಗಾರು
15-10-2004

ಸಂಜೂ,

ಆಯಿಷಮ್ಮನ ಅಳಿಯ ಬಂದು ಕಾಗದ ಕೊಟ್ಟು, ಚಾ ಕುಡಿದು ಹೋದ. ನಿನ್ನ ಅಕ್ಷರ ಈಗ ನನಗೆ ಸರಿ ಉಂಟು. ಹಾಗೆಯೇ ಬರೆ.

ಕಣ್ಣಿನ ಸ್ಥಿತಿ ಹೇಳಬೇಕೆಂದರೆ, ಕೋವಿಯ ನಳಿಗೆಯೊಳಗಿಂದ ನೋಡಿದ ಹಾಗೆ. ಎದುರಿನದು ಕಾಣುತ್ತದೆ, ಸುತ್ತಲಿನದು ಇಲ್ಲ. ನಿನ್ನ ದೊಡ್ಡಮ್ಮ ಪಕ್ಕದಲ್ಲಿ ನಿಂತರೆ ಇಲ್ಲ, ಎದುರು ಬಂದರೆ ಉಂಟು. "ಬೇಕಾದವರನ್ನು ಮಾತ್ರ ಕಾಣುವ ಕಣ್ಣು ಮಾಡ್ಕೊಂಡಿದ್ದೀರಿ" ಎಂದು ಬೈಯುತ್ತಾಳೆ. ನಳಿಗೆ ತಿಂಗಳಿಂದ ತಿಂಗಳಿಗೆ ಸಪೂರ ಆಗುತ್ತಿದೆ. ಹೋದ ವಾರ ಕೋವಿಯನ್ನು ಲೈಸೆನ್ಸಿನ ಸಮೇತ ಸ್ಟೇಷನ್ನಿಗೆ ಒಪ್ಪಿಸಿ ಬಂದೆ. ಬರುವಾಗ ಹೆಗಲು ಖಾಲಿ ಖಾಲಿ.

ನನಗೆ ಬೇರೆ ಆಸೆ ಇಲ್ಲ. ಪೂರ್ತಿ ಮುಚ್ಚುವ ಮೊದಲು ನಿನ್ನ ಅಪ್ಪನ, ನನ್ನ ಗೋಪಿಯ ಮುಖ ಒಮ್ಮೆ ನೋಡಬೇಕು. ನಮ್ಮ ಅಪ್ಪ ತೀರಿಕೊಂಡಾಗ ಅವನು ಚಡ್ಡಿ ಹಾಕುವ ಹುಡುಗ, ನಾನೇ ಸಾಕಿದ್ದು. ಫೋನಿನಲ್ಲಿ ಅವನು "ಹ್ಞೂಂ ಅಣ್ಣ, ಸರಿ ಅಣ್ಣ" ಎಂದು ಇಟ್ಟುಬಿಡುತ್ತಾನೆ. ಅದಕ್ಕೇ ನಿನಗೆ ಬರೆಯುವುದು. ಒತ್ತಾಯ ಮಾಡಬೇಡ, ನೆನಪು ಮಾಡು.

ಅವನು ಮೊದಲಿಂದಲೂ ಮಾತು ಕಡಿಮೆ. ಬೇಟೆಗೆ ಹೋದರೆ ಮಾತ್ರ, ವಾಪಸು ಬರುವ ದಾರಿಯಲ್ಲಿ, ಬಾಯಿಗೆ ಬೀಗ ಇರುತ್ತಿರಲಿಲ್ಲ.

ಸಂಕಪ್ಪ


ದೋಹಾ
20 ನವೆಂಬರ್ 2004

ದೊಡ್ಡಪ್ಪ,

ನೀವು ನಂಬುವುದಿಲ್ಲ. ಅಪ್ಪ ಮಾತಾಡಿದರು!

ಅರ್ಬಾಬ್‌ಗೆ ಅಲ್ ರಯ್ಯಾನ್ ದಾಟಿ ತುಂಬಾ ಒಳಗೆ ಒಂದು ಫಾರ್ಮ್ ಇದೆ. ಮರಳಿನ ನಡುವೆ ಖರ್ಜೂರದ ಮರ, ಕುದುರೆ ಮೇವಿನ ಹಸಿರು. ಕೆಲವು ವರ್ಷದ ಹಿಂದೆ ಶೋಕಿಗೆ ಟರ್ಕಿ ಕೋಳಿ ತರಿಸಿದ್ದನಂತೆ. ಬೇಲಿ ಬಿದ್ದು ಅವು ಹೊರಗೆ ಹೋಗಿ, ಮರಿ ಮಾಡಿ, ಈಗ ಅವಕ್ಕೆ ಧಣಿಯೂ ಇಲ್ಲ ಗೂಡೂ ಇಲ್ಲ. ನಮ್ಮ ಕೋಳಿಯ ಮೂರರಷ್ಟು ದೊಡ್ಡದು, ಬೋಳು ತಲೆ, ಕತ್ತಿನಲ್ಲಿ ಕೆಂಪು ಚರ್ಮ ಜೋಲಾಡುತ್ತದೆ. ಮನುಷ್ಯನ ನೆರಳು ಕಂಡರೆ ಓಟ. ಮೇವನ್ನೆಲ್ಲ ಕೆದಕಿ ಹಾಳುಮಾಡುತ್ತವೆ.

ಅಪ್ಪ ಊರಲ್ಲಿ ಬೇಟೆಗಾರ ಎಂದು ಅರ್ಬಾಬ್‌ಗೆ ಯಾರು ಹೇಳಿದರೋ. ಈಗ ಪ್ರತಿ ಶುಕ್ರವಾರ ಅಪ್ಪನನ್ನು ಕರೆಸುತ್ತಾನೆ. ಒಬ್ಬಳೇ ಮನೆಯಲ್ಲಿ ಯಾಕೆ ಎಂದು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಾನು ಕಾರಿನಲ್ಲಿ ಪುಸ್ತಕ ಹಿಡಿದು ಕೂತೆ. ಒಂದಕ್ಷರ ಓದಲಿಲ್ಲ.

ರೈಫಲ್ ಅವನ ಅಪ್ಪನ ಕಾಲದ್ದು, ಸಣ್ಣ ಗುಂಡಿನದು. ಆ ತೋಟೆ ಈಗ ಎಲ್ಲೂ ಮಾರಾಟಕ್ಕಿಲ್ಲ. ಹಳೆಯ ಹಿತ್ತಾಳೆ ಕೇಸುಗಳು, ಒಂದು ಡಬ್ಬಿ ಮದ್ದು, ಗುಂಡು ಎರೆಯುವ ಅಚ್ಚು ಒಂದು ಮರದ ಪೆಟ್ಟಿಗೆಯಲ್ಲಿದ್ದವು. ಉಪಯೋಗಿಸಲು ಅಲ್ಲಿ ಯಾರಿಗೂ ತಿಳಿಯದು. ಅಪ್ಪ ಅಚ್ಚನ್ನು ತೆರೆದು ನೋಡಿ ನಕ್ಕರು. ನಾನು ಅವರ ಹಲ್ಲು ನೋಡಿದ್ದೇ ಅವತ್ತು. ಫಾರ್ಮ್ ನೋಡಿಕೊಳ್ಳುವ ಜಲೀಲಣ್ಣ ಉಪ್ಪಿನಂಗಡಿಯವರು. ಟೈರ್ ಅಂಗಡಿಯಿಂದ ಚಕ್ರದ ತೂಕ ಸರಿಮಾಡಲು ಹೊಡೆಯುವ ಸೀಸದ ತುಂಡು ತಂದುಕೊಟ್ಟರು. ಗ್ಯಾಸ್ ಒಲೆ ಹೊರಗಿಟ್ಟು, ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಅಪ್ಪ ಗುಂಡು ಎರೆದರು. "ಹತ್ತಿರ ಬರ್ಬೇಡ, ಒಂದು ಹನಿ ನೀರು ಬಿದ್ರೆ ಸಿಡಿತದೆ" ಎಂದು ನನ್ನನ್ನು ಓಡಿಸಿದರು.

ಮೊದಲ ಹಕ್ಕಿ. ಖರ್ಜೂರದ ಸಾಲಿನಾಚೆ ಕತ್ತೆತ್ತಿ ನಿಂತಿತ್ತು. ಒಂದೇ ಗುಂಡು. ತಲೆಗೆ. ಅದು ನಿಂತಲ್ಲೇ ಕೂತ ಹಾಗೆ ಬಿತ್ತು. ನಾನು ಚಪ್ಪಾಳೆ ಹೊಡೆದೆ, ದೊಡ್ಡಪ್ಪ. ಆದರೆ ಜಲೀಲಣ್ಣ ಚೂರಿ ಹಿಡಿದು ಓಡಿದವರು ಅರ್ಧ ದಾರಿಯಲ್ಲಿ ನಿಂತು ತಲೆ ಮೇಲೆ ಕೈಯಿಟ್ಟರು.

"ಗೋಪಿನಾಥಣ್ಣಾ, ಎಂಥ ಕೆಲಸ ಮಾಡಿದಿರಿ! ಖಲಾಸ್! ಜೀವ ಇರುವಾಗ ಬಿಸ್ಮಿಲ್ಲಾ ಹೇಳಿ ನಾನು ಕೊಯ್ಯಬೇಕು. ಇಲ್ಲದಿದ್ರೆ ಇವರಿಗೆ ಹರಾಮ್."

"ಹಾಗಾದ್ರೆ ನೀನೇ ಬಿಸ್ಮಿಲ್ಲಾ ಹೇಳಿ ಹೊಡಿ ಮಾರಾಯ, ನೀನು ಹೊಡೆದ್ರೆ ಆಗ್ತದಲ್ಲ."

"ನಾನು ಹೊಡೆದ್ರೆ ಮರಕ್ಕೆ ತಾಗ್ತದೆ. ಅರ್ಬಾಬ್ ಹೊಡೆದ್ರೆ ನೀರಿನ ಟ್ಯಾಂಕಿಗೆ. ನಿಮ್ಮ ಕೈ ಒಳ್ಳೇದು, ಅದೇ ಈಗ ಪ್ರಾಬ್ಲಮ್."

ಹಕ್ಕಿಯನ್ನು ಹೂಳಿದರು. ಅರ್ಬಾಬ್ ಬೈಯಲಿಲ್ಲ, ಮುಖ ಮಾತ್ರ ಸಣ್ಣ ಮಾಡಿದ. ಜನವರಿ ಕೊನೆಗೆ ಅವನ ಮಗನ ಮದುವೆ. ತನ್ನ ಫಾರ್ಮಿನ ಬೇಟೆ ಬಡಿಸುತ್ತೇನೆ ಎಂದು ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದಾನೆ. ಬಲೆ ಹಾಕಿ ಹಿಡಿಯೋಣ ಅಂದರೆ ಅವನಿಗೆ ಅವಮಾನ. ಮದುವೆಗೆ ಜೀವಂತ ಬೀಳಿಸಿ ಕೊಡು, ಪರ್ಮಿಟ್‌ಗೆ ಸಹಿ ಹಾಕುತ್ತೇನೆ ಅಂದಿದ್ದಾನೆ.

ವಾಪಸು ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಿದರು. ನಿಮ್ಮದೇ ಕಥೆ. ಬಿನ್ ಮಹಮೂದ್ ಸಿಗ್ನಲ್ ಬಂದಾಗ ಮಾತು ನಿಂತಿತು.

ಸಾಯದ ಹಾಗೆ ಬೀಳಿಸುವ ಗುಂಡು ಹೇಗೆ ಎರೆಯುವುದು ದೊಡ್ಡಪ್ಪ? ಅಪ್ಪ ನಿಮ್ಮನ್ನು ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ.

ಸಂಜು


ಗುತ್ತಿಗಾರು
8-12-2004

ಸಂಜೂ,

ಅದನ್ನು ನಾನು ಹೇಳಿಕೊಡುವುದಿಲ್ಲ.

ಗೋಪಿ ಮೊದಲು ಹೊಡೆದದ್ದು ಒಂದು ಕಾಡುಕೋಳಿ. ಆ ಕಾಲದಲ್ಲಿ ಕೇಳುವವರಿರಲಿಲ್ಲ. ರೆಕ್ಕೆಗೆ ತಾಗಿ ಮುಳ್ಳಿನ ಪೊದೆಗೆ ನುಗ್ಗಿತು. ನಮ್ಮಲ್ಲಿ ಒಂದು ಕ್ರಮ ಉಂಟು. ಗಾಯ ಮಾಡಿದ್ದನ್ನು ಹುಡುಕಿ ಮುಗಿಸದೆ ಹೊಡೆದವನು ಅನ್ನ ಮುಟ್ಟುವ ಹಾಗಿಲ್ಲ. ಕತ್ತಲಾಗುವವರೆಗೆ ಹುಡುಕಿದೆವು. ಮಾರನೇ ದಿನ ಬೆಳಿಗ್ಗೆ ಸಿಕ್ಕಿತು. ಜೀವ ಇತ್ತು, ಇರುವೆಯೂ ಹತ್ತಿತ್ತು. ಅವನು ಅತ್ತ. ಆಮೇಲೆ ಅವನು ತಲೆಯೋ ಕತ್ತೋ ಸರಿ ಕಾಣದೆ ಕೋವಿಯ ಕುದುರೆ ಎಳೆದದ್ದೇ ಇಲ್ಲ. ಎಷ್ಟೋ ಸಲ ಬರಿಗೈಯಲ್ಲಿ ಬಂದಿದ್ದಾನೆ.

ಅಂಥವನಿಗೆ ನಾನು ಈಗ ತಪ್ಪು ಹೊಡೆಯಲು ಕಲಿಸುವುದಾ? ಬೇರೆ ದಾರಿ ನೋಡಲಿ.

ಸಂಕಪ್ಪ


ದೋಹಾ
24 ಡಿಸೆಂಬರ್ 2004

ದೊಡ್ಡಪ್ಪ,

ನಿಮ್ಮ ಕಾಗದ ಅಪ್ಪನಿಗೆ ಓದಿದೆ. "ಅಣ್ಣ ಹೇಳಿದ್ದು ಸರಿ" ಎಂದು ಬಟ್ಟೆ ಇಸ್ತ್ರಿ ಮಾಡಲು ಹೋದರು. ಇಸ್ತ್ರಿ ಮಾಡಿದ ಶರ್ಟನ್ನೇ ಮತ್ತೆ ಮಾಡುತ್ತಿದ್ದರು.

ಬೇರೆ ದಾರಿ ನೋಡಿದೆವು. ಅಪ್ಪ ಇನ್ನೊಮ್ಮೆ ಅರ್ಬಾಬನ ರೂಮಿಗೆ ಹೋಗಿ ನಿಂತರು. ನೀವು ಕಳಿಸಿದ್ದ ಡಾಕ್ಟರ್ ಚೀಟಿ ತೋರಿಸಿದರು. ಅವನು ಒಳ್ಳೆಯದಾಗಲಿ ಎಂದು ದುಆ ಮಾಡಿದನಂತೆ, ಎದೆಯ ಮೇಲೆ ಕೈಯಿಟ್ಟು. ಸಹಿ ಹಾಕಲಿಲ್ಲ. "ಮದುವೆ ಆಗಲಿ." ಅವನು ಕೆಟ್ಟವನಲ್ಲ ದೊಡ್ಡಪ್ಪ. ಅವನಿಗೆ ಇದು ದೊಡ್ಡ ವಿಷಯ ಎಂದು ಅನ್ನಿಸುವುದೇ ಇಲ್ಲ, ಅಷ್ಟೇ.

ನನಗೆ ಮಿಡ್‌ಟರ್ಮ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿದೆ. ಅಪ್ಪನಿಗೆ ಹೇಳಿಲ್ಲ. ನಿಮ್ಮ ಕೋಳಿಯ ಕಥೆ ಓದಿ ನಾನೂ ಅತ್ತೆ. ಆದರೆ ಹಕ್ಕಿಯ ನೋವು ಒಂದು ನಿಮಿಷ, ಜಲೀಲಣ್ಣ ಪಕ್ಕದಲ್ಲೇ ಚೂರಿ ಹಿಡಿದು ನಿಂತಿರುತ್ತಾರೆ. ನಿಮ್ಮ ಕಣ್ಣು ಯಾರಿಗೂ ಕಾಯುವುದಿಲ್ಲವಲ್ಲ.

ನನಗೆ ಸುಸ್ತಾಗಿದೆ. ಎಲ್ಲರೂ ಸರಿಯಾಗಿಯೇ ಇದ್ದಾರೆ, ಕೆಲಸ ಮಾತ್ರ ಆಗುವುದಿಲ್ಲ.

ಸಂಜು


ಗುತ್ತಿಗಾರು
6-1-2005

ಸಂಜೂ,

ಗೋಪಿಗೆ ಹೇಳು. ಚಕ್ರದ ಸೀಸ ಗಟ್ಟಿ, ಸೂಜಿಯ ಹಾಗೆ ತೂರಿಹೋಗುತ್ತದೆ. ಅದು ಬೇಡ. ಮೀನು ಹಿಡಿಯುವವರು ಬಲೆಗೆ ಕಟ್ಟುವ ಸೀಸ ಮೆತ್ತಗೆ. ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಮದ್ದು ಕಡಿಮೆ ಮಾಡಬೇಕು, ಎಷ್ಟು ಎಂದು ಅವನ ಕೈಗೆ ಗೊತ್ತಾಗುತ್ತದೆ. ಹಕ್ಕಿ ಅಡ್ಡ ತಿರುಗಿ ನಿಂತಾಗ ರೆಕ್ಕೆಯ ಬುಡದ ಗಂಟಿಗೆ. ಎದೆಗೆ ಅಲ್ಲ. ಓಡುವ ಹಕ್ಕಿಗೆ ಬೇಡವೇ ಬೇಡ.

ಮುಗಿದ ಮೇಲೆ ಕೈ ತೊಳೆಯಲಿ. ಸೀಸ ವಿಷ.

ಸಾಲು ಒಂದರ ಮೇಲೊಂದು ಹತ್ತಿದ್ದರೆ ಕ್ಷಮಿಸು. ಈಗ ಕಾಗದದ ಅಂಚು ಕಾಣುವುದಿಲ್ಲ.

ಇದನ್ನು ನಾನು ಬರೆಯಬಾರದಿತ್ತು. ನನಗೆ ಅವನನ್ನು ನೋಡಬೇಕು.

ದೊಡ್ಡಪ್ಪ


ದೋಹಾ
5 ಫೆಬ್ರವರಿ 2005

ದೊಡ್ಡಪ್ಪ,

ಮದುವೆ ಆಯಿತು. ನೀವು ಹೇಳಿದ್ದೆಲ್ಲ ಸರಿಯಾಯಿತು. ಜಲೀಲಣ್ಣ ಮೀನಿನ ಮಾರ್ಕೆಟ್ಟಿನಿಂದ ಬಲೆಯ ಸೀಸ ತಂದರು. ಅಪ್ಪ ಒಂದು ಹಳೆಯ ರಟ್ಟಿನ ಮೇಲೆ ಹಕ್ಕಿ ಬರೆದು ಎರಡು ಶುಕ್ರವಾರ ಬರೀ ರೆಕ್ಕೆಗೆ ಹೊಡೆದು ಕಲಿತರು. ತಲೆಯ ಕಡೆಗೆ ತಾನಾಗಿ ಹೋಗುವ ಕೈಯನ್ನು ಕೆಳಗೆ ಎಳೆಯುವುದು ಕಷ್ಟ ಎಂದರು.

ಆ ದಿನ ಗುಂಡು ಹಾರಿದಾಗಲೆಲ್ಲ ಒಂದು ಹಕ್ಕಿ ಉರುಳುತ್ತಿತ್ತು, ಸಾಯುತ್ತಿರಲಿಲ್ಲ. ಒಂದು ರೆಕ್ಕೆ ನೆಲಕ್ಕೆ ಬಡಿಯುತ್ತಾ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಜಲೀಲಣ್ಣ ಓಡುತ್ತಿದ್ದರು. ಗಿಡುಗ ಸಾಕುವ ಅರ್ಬಾಬನ ಗೆಳೆಯರು "ಮಾಶಾಲ್ಲಾ" ಎಂದು ಅಪ್ಪನ ಬೆನ್ನು ತಟ್ಟಿದರು. ನಾನು ಕಾರಿನ ಗಾಜು ಏರಿಸಿಕೊಂಡೆ. ಒಂದು ನಿಮಿಷ ಎಂದು ನಿಮಗೆ ಬರೆದಿದ್ದೆನಲ್ಲ. ಅದು ತುಂಬಾ ಉದ್ದ.

ಸಂಜೆ ಅರ್ಬಾಬ್ ಅಪ್ಪನನ್ನು ಅಪ್ಪಿಕೊಂಡ. ಪರ್ಮಿಟ್ ವಿಷಯ ಕೇಳಿದ್ದಕ್ಕೆ ನಕ್ಕ. "ಯಾ ಗೋಪಿ, ಈಗ ಎಲ್ಲರೂ ನಿನ್ನನ್ನು ನೋಡಲು ಬರುತ್ತಿದ್ದಾರೆ. ಸೀಸನ್ ಮುಗಿಯಲಿ. ಬಿಸಿಲು ಬಂದ ಮೇಲೆ ಹೋಗು." ಪ್ರತಿ ಶುಕ್ರವಾರ ಗೆಸ್ಟ್‌ಗಳಂತೆ.

ಅಪ್ಪ ವಾಪಸು ಬರುವ ದಾರಿಯಲ್ಲಿ ಮಾತಾಡಲಿಲ್ಲ. ಮನೆಗೆ ಬಂದು ತುಂಬಾ ಹೊತ್ತು ಕೈ ತೊಳೆದರು. ಊಟ ಬೇಡ ಅಂದರು. ಶುಕ್ರವಾರ ಈಗ ಅವರು ಊಟ ಮಾಡುವುದಿಲ್ಲ.

ಸಂಜು


ಗುತ್ತಿಗಾರು
21-2-2005

ಸಂಜುವಿಗೆ,

ದೊಡ್ಡಮ್ಮ ಬರೆಯುತ್ತಿದ್ದೇನೆ. ಈ ಸಲ ನಿನ್ನ ಕಾಗದ ನಾನೇ ಓದಿ ಹೇಳಿದೆ. ಅವರು ಎದುರಿಗೆ ಹಿಡಿದು, ತಿರುಗಿಸಿ, ಕೊನೆಗೆ ನನ್ನ ಕೈಗೆ ಕೊಟ್ಟರು. ಬಲಗಣ್ಣು ಹೋಗಿದೆ. ಎಡದ್ದರಲ್ಲಿ ಒಂದು ಬಟನ್ನಿನಷ್ಟು ಉಂಟಂತೆ. ಬೆಳಿಗ್ಗೆ ಅಂಗಳಕ್ಕೆ ಬಂದು ಏನನ್ನಾದರೂ ಒಂದನ್ನು ಹುಡುಕಿ ನೋಡುತ್ತಾ ಕೂರುತ್ತಾರೆ. ಗೋಪಿಗೆ ತಿಳಿಸಬಾರದು ಎಂದು ಆಣೆ ಹಾಕಿಸಿದ್ದಾರೆ. ಅದಕ್ಕೇ ನಿನಗೆ ಬರೆದೆ, ಗೋಪಿಗೆ ಬರೆಯಲಿಲ್ಲ.

ಇಂದಿರಮ್ಮ


ದೋಹಾ
19 ಮಾರ್ಚ್ 2005

ದೊಡ್ಡಪ್ಪ, ದೊಡ್ಡಮ್ಮ,

ಇದು ತಲುಪುವ ಮೊದಲೇ ಅಪ್ಪ ನಿಮ್ಮ ಅಂಗಳದಲ್ಲಿ ಇರುತ್ತಾರೇನೋ. ಆದರೂ ಬರೆಯುತ್ತೇನೆ, ಅವರು ತಾವಾಗಿ ಹೇಳುವುದಿಲ್ಲ.

ದೊಡ್ಡಮ್ಮನ ಕಾಗದವನ್ನು ನಾನು ಅಪ್ಪನ ಟೀ ಕಪ್ಪಿನ ಕೆಳಗೆ ಇಟ್ಟೆ. ಆಣೆ ಹಾಕಿದ್ದು ದೊಡ್ಡಮ್ಮ, ನಾನಲ್ಲ.

ನಿನ್ನೆ ಶುಕ್ರವಾರ. ಫಾರ್ಮಿಗೆ ಹೋಗುವಾಗ, ಊರು ದಾಟಿದ ಮೇಲೆ, ಅಪ್ಪ ಕೇಳಿದರು. "ಸಂಜು, ನಿಂಗೆ ಮತ್ತೆ ಹಾಸ್ಟೆಲ್ ಆದ್ರೆ ಅಡ್ಡಿ ಇಲ್ವಾ?"

ನನ್ನ ವೀಸಾ ಕಾಲೇಜಿನದು, ಫೀಸು ಸ್ಕಾಲರ್‌ಶಿಪ್‌ದು. ಅಪ್ಪ ಇಲ್ಲದಿದ್ದರೂ ನಾನು ಇಲ್ಲಿ ಇರಬಹುದು. ಇದೆಲ್ಲ ಅವರಿಗೆ ಗೊತ್ತಿರುವುದೇ. ನಾನು ಪುಸ್ತಕದ ಹಾಳೆ ತಿರುಗಿಸಿದೆ.

"ಅಡ್ಡಿ ಇಲ್ಲ, ಅಭ್ಯಾಸ ಇದೆಯಲ್ಲ" ಅಂದೆ.

"ಹ್ಞೂಂ" ಅಂದರು.

ಗೆಸ್ಟ್‌ಗಳು ಕುರ್ಚಿ ಹಾಕಿ ಕೂತಿದ್ದರು. ಮಿನಿಸ್ಟ್ರಿಯ ಯಾರೋ ದೊಡ್ಡವರೂ ಬಂದಿದ್ದರಂತೆ. ಅರ್ಬಾಬ್ ಕೈ ತೋರಿಸಿ ಏನೋ ದೊಡ್ಡದಾಗಿ ಹೇಳುತ್ತಿದ್ದ. ಮೇವಿನ ಅಂಚಿನಲ್ಲಿ ಒಂದು ಮುದಿ ಗಂಡು ಟರ್ಕಿ, ಇಡೀ ಗುಂಪಿಗೇ ದೊಡ್ಡದು, ಅಡ್ಡ ತಿರುಗಿ ನಿಂತಿತು. ರೆಕ್ಕೆ ಪೂರ್ತಿ ಕಾಣುತ್ತಿತ್ತು. ಅದಕ್ಕಿಂತ ಸುಲಭದ ಹಕ್ಕಿ ಬರಲಾರದು ಎಂದು ಜಲೀಲಣ್ಣ ಆಮೇಲೆ ಹೇಳಿದರು.

ಅಪ್ಪ ಹೊಡೆಯಲಿಲ್ಲ. ಕಾದರು. ಅದು ಕತ್ತೆತ್ತಿತು. ಆಗ ಹೊಡೆದರು.

ನಿಂತಲ್ಲೇ ಕೂತ ಹಾಗೆ ಬಿತ್ತು. ರೆಕ್ಕೆ ಬಡಿಯಲಿಲ್ಲ. ಜಲೀಲಣ್ಣ ಓಡಲೂ ಇಲ್ಲ, ಚೂರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಅರ್ಬಾಬ್ ಕೂಗಿದ್ದು ಕಾರಿನ ಗಾಜಿನೊಳಗೂ ಕೇಳಿಸಿತು. ಗೆಸ್ಟ್‌ಗಳ ಮುಂದೆ ತನ್ನ ಮರ್ಯಾದೆ ಕಳೆದೆ ಅಂದ. ಅಪ್ಪ ರೈಫಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಬಟ್ಟೆ ಹೊದಿಸಿ, "ಸಾರಿ ಅರ್ಬಾಬ್, ಕೈ ತಪ್ಪಿತು" ಅಂದರು. "ಖಲಾಸ್! ರೂಹ್!" ಹೋಗು ಅಂದ. ಇವತ್ತು ಬೆಳಿಗ್ಗೆ ಆಫೀಸಿನಿಂದ ಫೋನ್. ವೀಸಾ ಕ್ಯಾನ್ಸಲ್, ಲೆಕ್ಕ ಮುಗಿಸಿ ಊರಿಗೆ. ಆರು ತಿಂಗಳಲ್ಲಿ ಆಗದ ಸಹಿ ಒಂದು ಬೆಳಿಗ್ಗೆಯಲ್ಲಿ ಆಯಿತು.

ಅಷ್ಟು ನೇರ ತಪ್ಪುತ್ತದಾ ದೊಡ್ಡಪ್ಪ, ಕೈ?

ನಿನ್ನೆ ವಾಪಸು ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಿದರು. ಸಿಗ್ನಲ್ ದಾಟಿದ ಮೇಲೂ ನಿಲ್ಲಿಸಲಿಲ್ಲ. ಮನೆಯ ಕೆಳಗೆ ಕಾರು ನಿಲ್ಲಿಸಿ, ಏಸಿ ಹಾಕಿಕೊಂಡೇ, ಅಮ್ಮನ ಬಗ್ಗೆ ಹೇಳಿದರು. ನನಗೆ ಗೊತ್ತಿಲ್ಲದ್ದು ಎಷ್ಟೊಂದು ಇತ್ತು. ಮೇಲೆ ಹೋಗಿ ಅನ್ನಕ್ಕಿಟ್ಟರು. ಶುಕ್ರವಾರ ಇಬ್ಬರೂ ಊಟ ಮಾಡಿದೆವು.

ಮುಂದಿನ ವಾರ ನಾನು ಕಾಲೇಜಿನ ಹಾಸ್ಟೆಲಿಗೆ, ನೋಡಿ ಬಂದೆ. ರೂಮು ಚೆನ್ನಾಗಿದೆ.

ಸಂಜು


ಗುತ್ತಿಗಾರು
10-4-2005

ಸಂಜೂ,

ನಾನು ಹೇಳುತ್ತಿದ್ದೇನೆ, ನಿನ್ನ ದೊಡ್ಡಮ್ಮ ಬರೆಯುತ್ತಿದ್ದಾಳೆ. ನಡುವೆ ಅವಳ ಸ್ವಂತದ್ದು ಸೇರಿಸಿದರೆ ನಾನು ಜವಾಬ್ದಾರನಲ್ಲ.

ಗೋಪಿ ಬಂದ. ಜೀಪಿನ ಸದ್ದಿಗೆ ಎದ್ದು ನಿಂತೆ. ಅಂಗಳದಲ್ಲಿ ಅವನು ಎಲ್ಲಿದ್ದಾನೆ ಎಂದು ತಿಳಿಯಲಿಲ್ಲ. ಅವನೇ ಬಂದು ನನ್ನ ಎದುರು ಮೊಣಕಾಲೂರಿ ಕೂತ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿಕೊಂಡೆ. ಮುಖ ಒಟ್ಟಿಗೆ ಕಾಣುವುದಿಲ್ಲ, ಸಂಜು. ಹಣೆ ನೋಡಿದೆ. ಆಮೇಲೆ ಒಂದು ಕಣ್ಣು. ಆಮೇಲೆ ಮೂಗಿನ ಪಕ್ಕದ ಹಳೆಯ ಗಾಯ, ನನ್ನಿಂದಲೇ ಆದದ್ದು. ಮೀಸೆ ಬೆಳ್ಳಗಾಗಿದೆ. ಒಂದೊಂದೇ ನೋಡಿ ಒಳಗೆ ಜೋಡಿಸಿಕೊಂಡೆ. ತುಂಬಾ ಹೊತ್ತು ಬೇಕಾಯಿತು. ಅವನು ಅಲ್ಲಾಡಲಿಲ್ಲ. ಇನ್ನು ಮುಚ್ಚಿದರೂ ಚಿಂತೆಯಿಲ್ಲ.

ಕೊನೆಯ ಹಕ್ಕಿಗೆ ಎಲ್ಲಿ ತಾಗಿತು ಎಂದು ಕೇಳಿದೆ. ನನ್ನ ಕಿವಿಯ ಕೆಳಗೆ ಬೆರಳಿಟ್ಟ. ಹಾಗಾದರೆ ಅದಕ್ಕೆ ಗೊತ್ತೇ ಆಗಿರಲಿಕ್ಕಿಲ್ಲ ಅಂದೆ.

ರೂಮು ಚೆನ್ನಾಗಿದೆ ಎಂದು ಬರೆದಿದ್ದೀ. ದೊಡ್ಡಮ್ಮ ಆ ಸಾಲನ್ನು ಎರಡು ಸಲ ಓದಿದಳು. ಕಾಲೇಜಿನ ಪರೀಕ್ಷೆ ಹೇಗಾಯಿತು, ಹೊಟ್ಟೆ ಹಿಂಡುವುದು ನಿಂತಿತಾ, ಬರೆ. ದೊಡ್ಡ ಅಕ್ಷರ ಇನ್ನು ಬೇಡ, ಹಾಳೆ ತುಂಬಾ ಬರೆ.

ಗೋಪಿಗೆ ಎರಡು ಸಾಲು ಸೇರಿಸು ಎಂದು ಹೇಳಿದೆ. ಪೆನ್ನು ಹಿಡಿದು ಕೂತವನು ಚಾ ತಣಿದರೂ ಹಾಗೇ ಕೂತಿದ್ದಾನಂತೆ.

ದೊಡ್ಡಪ್ಪ

ಸಂಜು,

ಊಟ ಆಯ್ತಾ?

ಆ ದಿನ ಕಾರಿನಲ್ಲಿ ನೀನು ಅಡ್ಡಿ ಇಲ್ಲ ಅಂದದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ.

ಅಪ್ಪ